ಬೈಸಿಕಲ್ಲೆಂಬ ಅಳತೆಗೋಲು

ಬೈಸಿಕಲ್ಲನ್ನು ಬಡವರ ವಾಹನವೆಂದು ಕರೆಯುವುದು ವಾಡಿಕೆ. ಅದನ್ನು ಬಡವರ ಪ್ರಯೋಗಶಾಲೆಯೆಂದು ಕರೆದರೂ ತಪ್ಪಾಗಲಾರದು. ರೈಲಿನಲ್ಲಿ ಕುಳಿತವನಿಗೆ ನೆಲದ ಏರುತಗ್ಗುಗಳ ಅರಿವಾಗುವುದಿಲ್ಲ. ಮೋಟಾರಿನಲ್ಲಿ ಸಾಗುವವನಿಗೆ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂಬುದು ತಿಳಿಯದು. ಕಾಲ್ನಡಿಗೆಯವನಿಗೆ ಇವೆಲ್ಲವೂ ತಿಳಿಯುತ್ತವೆಯಾದರೂ ಆತನು ದಿನವೊಂದಕ್ಕೆ ಕಾಣಬಲ್ಲ ಪ್ರದೇಶ ಕಿರಿದು. ಸೈಕಲ್ ಸವಾರನಾದರೋ ಹತ್ತಾರು ಮೈಲಿಗಳ ನೆಲವನ್ನು ಕಾಣುತ್ತಾನೆ; ಕಂಡದ್ದನ್ನೆಲ್ಲ ತನ್ನ ತೊಡೆಯ ಸ್ನಾಯುಗಳಿಂದ ಅಳೆಯುತ್ತಲೂ ಇರುತ್ತಾನೆ.

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಎಂಬ ಐದು ಊರುಗಳನ್ನು ಪೋಣಿಸುವ ದಾರಿ ಇಂಥ ಅಳತೆಗೆ ಬಹಳ ಒಪ್ಪುವಂಥದು. ತೆಲಂಗಾಣದ ಕಡೆಯಿಂದ ಬರುವ ಕಾಗಿಣಾ ನದಿ ಸೇಡಂ, ಮಳಖೇಡ, ಚಿತ್ತಾಪುರಗಳ ಸೀಮೆಯನ್ನು ಹಾಯ್ದು, ಪಶ್ಚಿಮಕ್ಕೆ ಹರಿದು, ಶಹಾಬಾದಿನ ಬಳಿ ಭೀಮೆಯನ್ನು ಸೇರುತ್ತದೆ. ವಾಡಿಯಿಂದ ಸಿಕಂದರಾಬಾದಿನವರೆಗೆ ೧೮೭೪ರಲ್ಲಿ ತೆರೆದ ರೈಲುದಾರಿ ಚಿತ್ತಾಪುರ, ಸೇಡಂಗಳ ಮೂಲಕವೇ ಪೂರ್ವಕ್ಕೆ ಸಾಗುತ್ತದೆ. ಈ ದಾರಿಯ ಯಾವುದಾದರೊಂದು ತುಂಡನ್ನು ದಿನವೂ ತುಳಿಯುವ ನಮ್ಮಂಥವರಿಗೆ ಏಳುವ ಪ್ರಶ್ನೆಗಳು ಸಣ್ಣವು: ಇಂದು ದಾರಿ ಏಕೆ ಇಷ್ಟು ಭಾರವಾಯಿತು? ಈ ರಸ್ತೆ ಏಕೆ ಅಲೆಯಲೆಯಾಗಿದೆ? ಮೈ ಏಕೆ ಬೆವರಲಿಲ್ಲ? ಸಣ್ಣ ಪ್ರಶ್ನೆಗಳಾದರೂ ಇವುಗಳ ಉತ್ತರಗಳು ದೂರಕ್ಕೆ ಹೋಗುತ್ತವೆ. ಕೊನೆಯ ಪ್ರಶ್ನೆಯಂತೂ ಸವಾರನ ಪ್ರಾಣಕ್ಕೆ ಸಂಬಂಧಿಸಿದ್ದು. ಇವನ್ನು ಒಂದೊಂದಾಗಿ ವಿಚಾರಿಸೋಣ.

ಗಾಲಿಯ ಸುತ್ತು, ಮಳಖೇಡದ ಗಣಿತ

ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಗಟ್ಟಿ ಸೈಕಲ್ಲಿನ ಗಾಲಿ ೨೮ ಅಂಗುಲದ್ದು. ಟಯರು ಸೇರಿದಂತೆ ಅದರ ವ್ಯಾಸ ಸುಮಾರು ೭೧ ಸೆಂಟಿಮೀಟರು. ಇದನ್ನು ೩.೧೪ರಿಂದ ಗುಣಿಸಿದರೆ ಪರಿಧಿ ೨.೨೩ ಮೀಟರು ಆಗುತ್ತದೆ. ಎಂದರೆ ಒಂದು ಕಿಲೋಮೀಟರಿಗೆ ಗಾಲಿ ಸುಮಾರು ೪೪೮ ಸಲ ಸುತ್ತಬೇಕು. ಮುಂದಿನ ಹಲ್ಲುಗಾಲಿಗೆ ೪೪ ಹಲ್ಲು, ಹಿಂದಿನದಕ್ಕೆ ೧೮ ಹಲ್ಲು ಎಂದಿಟ್ಟುಕೊಂಡರೆ, ಪೆಡಲಿನ ಒಂದು ಸುತ್ತಿಗೆ ಸವಾರನು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತಾನೆ. ಎಲ್ಲಿಯೂ ತುಳಿತ ನಿಲ್ಲಿಸದೆ ಒಂದು ಕಿಲೋಮೀಟರು ಕಲ್ಲಿನಿಂದ ಮುಂದಿನ ಕಲ್ಲಿಗೆ ಹೋಗುವಾಗ ಎಣಿಸಿ ನೋಡಿದರೆ ಲೆಕ್ಕ ೧೮೩ರ ಆಸುಪಾಸಿಗೆ ಬರಬೇಕು. ನಿಮಿಷಕ್ಕೆ ೪೬ ಸುತ್ತು ತುಳಿದರೆ ವೇಗ ಗಂಟೆಗೆ ೧೫ ಕಿಲೋಮೀಟರು. ಹೀಗೆ ಕೈಗಡಿಯಾರವೊಂದಿದ್ದರೆ ಬೇರೆ ಯಂತ್ರವಿಲ್ಲದೆಯೇ ದೂರವನ್ನೂ ವೇಗವನ್ನೂ ತಿಳಿಯಬಹುದು.

ಈ ಲೆಕ್ಕವನ್ನು ಮಾಡುತ್ತ ಚಿತ್ತಾಪುರದಿಂದ ಸೇಡಂ ಕಡೆಗೆ ಹೋಗುವಾಗ ಮಳಖೇಡವನ್ನು ನೆನೆಯದೆ ಇರಲಾಗದು. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು, ಗ್ರಂಥದ ಆರಂಭದಲ್ಲಿಯೇ ಆ ಅರಸನನ್ನು ಸ್ತುತಿಸಿದ್ದಾನೆ. ವೃತ್ತದ ಪರಿಧಿಗೆ ಆತನು ಎರಡು ಸೂತ್ರಗಳನ್ನು ಕೊಡುತ್ತಾನೆ. ಸ್ಥೂಲವಾಗಿ ವ್ಯಾಸದ ಮೂರರಷ್ಟು. ಸೂಕ್ಷ್ಮವಾಗಿ ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಿದಷ್ಟು. ಹತ್ತರ ವರ್ಗಮೂಲ ಸುಮಾರು ೩.೧೬.

ಈ ಸೂತ್ರಗಳನ್ನು ನಮ್ಮ ಗಾಲಿಗೆ ಹಚ್ಚಿ ನೋಡೋಣ. ಗಾಲಿಯ ೪೪೮ ಸುತ್ತುಗಳನ್ನು ಎಣಿಸಿ ಸ್ಥೂಲ ಸೂತ್ರದಿಂದ ದೂರವನ್ನು ಕಂಡುಹಿಡಿದರೆ ೯೫೫ ಮೀಟರು ಬರುತ್ತದೆ. ಕಿಲೋಮೀಟರಿಗೆ ೪೫ ಮೀಟರು ಕಡಿಮೆ. ಸೂಕ್ಷ್ಮ ಸೂತ್ರದಿಂದ ೧೦೦೭ ಮೀಟರು. ಏಳು ಮೀಟರು ಮಾತ್ರ ಹೆಚ್ಚು. ಟಯರಿನ ಗಾಳಿ ಇಳಿದು, ಉರುಳುವಾಗ ಗಾಲಿಯ ತ್ರಿಜ್ಯ ಎರಡೂವರೆ ಮಿಲಿಮೀಟರಿನಷ್ಟು ಕುಗ್ಗಿದರೂ ಇಷ್ಟೇ ವ್ಯತ್ಯಾಸ ಬರುತ್ತದೆ. ಸಾವಿರದ ನೂರೈವತ್ತು ವರ್ಷಗಳ ಹಿಂದಿನ ಸೂತ್ರದ ತಪ್ಪಿಗಿಂತ ನಮ್ಮ ಪಂಪಿನ ಸೋಮಾರಿತನದ ತಪ್ಪು ಕಡಿಮೆಯೇನೂ ಅಲ್ಲ.

ಕಾಣದ ಏರು

ವಾಡಿ-ಸೇಡಂ ದಾರಿಯ ಸವಾರರಿಗೆಲ್ಲ ಪರಿಚಿತವಾದ ಒಂದು ಅನುಭವವಿದೆ. ಜೂನ್, ಜುಲೈ ತಿಂಗಳುಗಳಲ್ಲಿ ವಾಡಿಯಿಂದ ಸೇಡಂ ಕಡೆಗೆ ಹೋಗುವಾಗ ದಾರಿ ಹಗುರ, ಮರಳುವಾಗ ಭಾರ. ಆದರೆ ನದಿ ಹರಿಯುವುದು ಸೇಡಂ ಕಡೆಯಿಂದ ಪಶ್ಚಿಮಕ್ಕೆ. ಎಂದರೆ ನೆಲ ಒಟ್ಟಿನಲ್ಲಿ ಪಶ್ಚಿಮಕ್ಕೆ ಇಳಿಯುತ್ತದೆ. ಇಳಿಜಾರಿನ ಕಡೆಗೆ ಹೋಗುವಾಗಲೇ ದಾರಿ ಭಾರವಾಗುವುದು ಹೇಗೆ?

ಸವಾರನ ತೂಕ ೬೫ ಕಿಲೋ, ಸೈಕಲ್ಲಿನದು ೨೦ ಕಿಲೋ. ಒಟ್ಟು ೮೫ ಕಿಲೋ ಎಂದು ಭಾವಿಸೋಣ. ಸಮನಾದ ಡಾಂಬರು ರಸ್ತೆಯ ಮೇಲೆ ಟಯರು ಉರುಳುವಾಗ ಅದು ಕ್ಷಣಕ್ಷಣಕ್ಕೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಈ ಹಿಸುಕಾಟದಲ್ಲಿ ಸ್ವಲ್ಪ ಶಕ್ತಿ ವ್ಯಯವಾಗುತ್ತದೆ. ಇದರಿಂದಾಗುವ ತಡೆ ನಮ್ಮ ಲೆಕ್ಕದ ಸೈಕಲ್ಲಿಗೆ ಸುಮಾರು ೭೦೦ ಗ್ರಾಂ ತೂಕದಷ್ಟು. ಗಾಳಿ ನಿಶ್ಚಲವಾಗಿರುವ ದಿನ ಗಂಟೆಗೆ ೧೫ ಕಿಲೋಮೀಟರು ವೇಗದಲ್ಲಿ ಹೋದರೆ ಗಾಳಿಯ ತಡೆ ಸುಮಾರು ೬೦೦ ಗ್ರಾಂ. ಒಟ್ಟು ಒಂದು ಕಿಲೋ ೩೦೦ ಗ್ರಾಂ. ಇದನ್ನು ಜಯಿಸಲು ಸವಾರನು ಒದಗಿಸಬೇಕಾದ ಸಾಮರ್ಥ್ಯ ೫೦ ವಾಟಿಗೆ ಸ್ವಲ್ಪ ಮೇಲು, ಎಂದರೆ ಒಂದು ಅಶ್ವಶಕ್ತಿಯ ಹದಿನಾಲ್ಕರಲ್ಲಿ ಒಂದು ಪಾಲು.

ಈಗ ಎದುರಿನಿಂದ ಗಂಟೆಗೆ ೧೫ ಕಿಲೋಮೀಟರಿನ ಗಾಳಿ ಬೀಸಿತೆನ್ನೋಣ. ಸವಾರನಿಗೆ ತಾಗುವ ಗಾಳಿಯ ವೇಗ ೩೦ ಕಿಲೋಮೀಟರು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾದದ್ದು. ತಾಗುವ ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಆದುದರಿಂದ ೬೦೦ ಗ್ರಾಮಿನ ತಡೆ ಎರಡು ಕಿಲೋ ೪೦೦ ಗ್ರಾಮಿಗೆ ಏರುತ್ತದೆ. ಒಟ್ಟು ತಡೆ ಮೂರು ಕಿಲೋ ದಾಟುತ್ತದೆ. ಬೇಕಾಗುವ ಸಾಮರ್ಥ್ಯ ೧೨೫ ವಾಟಿನ ಮೇಲಾಗುತ್ತದೆ. ಐವತ್ತು ಮೀಟರಿಗೆ ಒಂದು ಮೀಟರು ಏರುವ ದಿಣ್ಣೆಯನ್ನು ಹತ್ತುವುದಕ್ಕೂ ಹೆಚ್ಚುಕಡಿಮೆ ಇಷ್ಟೇ ಶ್ರಮ ಬೇಕು. ಎದುರುಗಾಳಿಯೆಂದರೆ ಕಣ್ಣಿಗೆ ಕಾಣದ ಏರು.

ನದಿಯ ಕಡೆಯ ಇಳಿಜಾರು ಎಷ್ಟು ಸಹಾಯ ಮಾಡೀತು? ಸಾವಿರ ಮೀಟರಿಗೆ ಒಂದು ಮೀಟರು ನೆಲ ಇಳಿಯುತ್ತದೆಂದು ಇಟ್ಟುಕೊಂಡರೆ ದೊರೆಯುವ ನೆರವು ಕೇವಲ ೮೫ ಗ್ರಾಂ. ಮುಂಗಾರಿನ ಪಶ್ಚಿಮದ ಗಾಳಿ ಕೇಳುವ ಎರಡು ಕಿಲೋಗಳ ತೆರಿಗೆಯ ಮುಂದೆ ಇದು ಯಾವ ಲೆಕ್ಕ? ನೀರು ಸ್ವಲ್ಪ ಇಳಿಜಾರಿದ್ದರೂ ಹರಿದುಹೋಗುತ್ತದೆ, ಸೈಕಲ್ಲಿಗೆ ಅದು ಸಾಲದು. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಗೆ ತಿರುಗಿದಾಗ ಲೆಕ್ಕವೂ ತಿರುಗುತ್ತದೆ. ಆಗ ವಾಡಿಗೆ ಮರಳುವ ದಾರಿಯೇ ಹಗುರ. ಆದ್ದರಿಂದ ಎದುರುಗಾಳಿಯ ದಿನ ಹಟ ಹಿಡಿದು ಎಂದಿನ ವೇಗವನ್ನೇ ಕಾಯ್ದುಕೊಳ್ಳುವುದು ಜಾಣತನವಲ್ಲ. ವೇಗವನ್ನು ಸ್ವಲ್ಪ ತಗ್ಗಿಸಿ, ಮೈಯನ್ನು ಬಾಗಿಸಿದರೆ, ಶ್ರಮ ಬಹಳವಾಗಿ ಇಳಿಯುತ್ತದೆ.

ಇನ್ನೊಂದು ಗಾಳಿ ಮನುಷ್ಯನೇ ಮಾಡಿದ್ದು. ಕಲ್ಲು, ಸಿಮೆಂಟು ಹೇರಿದ ಲಾರಿಗಳು ಪಕ್ಕದಲ್ಲಿ ಹಾಯುವಾಗ ಮುಂಭಾಗದ ಗಾಳಿ ಮೊದಲು ಸವಾರನನ್ನು ರಸ್ತೆಯ ಹೊರಕ್ಕೆ ನೂಕುತ್ತದೆ. ಮರುಕ್ಷಣವೇ ಲಾರಿಯ ಮಗ್ಗುಲಿನ ಒತ್ತಡ ತಗ್ಗಿ ಆತನನ್ನು ಒಳಕ್ಕೆ ಎಳೆಯುತ್ತದೆ. ಮೊದಲಿನ ನೂಕಿಗೆ ಎದುರಾಗಿ ಹ್ಯಾಂಡಲನ್ನು ಬಲವಾಗಿ ತಿರುಗಿಸಿದವನು ಎರಡನೆಯ ಎಳೆತದಲ್ಲಿ ಲಾರಿಯ ಕಡೆಗೇ ವಾಲುತ್ತಾನೆ. ಅಪಾಯವಿರುವುದು ಇಲ್ಲಿಯೇ. ಹ್ಯಾಂಡಲನ್ನು ಸಡಿಲವಾಗಿ, ನೇರವಾಗಿ ಹಿಡಿದು ಅಂಚಿನಲ್ಲಿ ಸಾಗುವುದೇ ಕ್ಷೇಮ.

ಗಾಲಿಯ ಕೆಳಗಿನ ನೆಲ

ಶಹಾಬಾದ್ ಎಂದೊಡನೆ ನೆನಪಿಗೆ ಬರುವುದು ಅಲ್ಲಿಯ ಚಪ್ಪಡಿಕಲ್ಲು. ಊರಿನ ಹೆಸರೇ ಕಲ್ಲಿನ ಹೆಸರಾಗಿ ದೇಶವೆಲ್ಲ ಹಬ್ಬಿದೆ. ಇದು ಸುಣ್ಣಕಲ್ಲು. ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ಹುಟ್ಟುವುದಕ್ಕೂ ಬಹಳ ಮುಂಚೆ ಇಲ್ಲಿದ್ದ ಆಳವಲ್ಲದ ಕಡಲಿನ ತಳದಲ್ಲಿ ಸುಣ್ಣದ ನಯವಾದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ೧೮೭೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಶಿಲೆಗಳನ್ನು ವಿವರಿಸಿದ್ದಾನೆ. ಭೀಮಾ ನದಿಯ ಹೆಸರಿನಿಂದಲೇ ಇವುಗಳ ಸಮೂಹವನ್ನು ಇಂದಿಗೂ ಕರೆಯುತ್ತಾರೆ. ಪದರಗಳ ನಡುವೆ ಉಳಿಯನ್ನು ಹೊಗಿಸಿ ತಟ್ಟಿದರೆ ಕಲ್ಲು ಹಲಗೆಯಂತೆ ಎದ್ದು ಬರುತ್ತದೆ. ಈ ಗುಣದಿಂದಲೇ ಈ ಸೀಮೆಯಲ್ಲಿ ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು, ಮಾಳಿಗೆಗೂ ಕಲ್ಲು.

ಇದು ಇಂದಿನ ಬಳಕೆಯಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮೆಯ ದಂಡೆಯ ಕನಗನಹಳ್ಳಿಯಲ್ಲಿ ದೊರೆತ ಬೌದ್ಧ ಸ್ತೂಪದ ಶಿಲ್ಪಗಳನ್ನು ಕಡೆದದ್ದೂ ಸುಣ್ಣಕಲ್ಲಿನಲ್ಲಿಯೇ. ಅಶೋಕನ ಹೆಸರನ್ನು ಕೊರೆದಿರುವ ರಾಜಮೂರ್ತಿ ಅವುಗಳಲ್ಲಿ ಒಂದು. ಅದೇ ಕಲ್ಲು ವಾಡಿಯಲ್ಲಿ ೧೯೬೮ರಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಸಿಮೆಂಟಾಯಿತು. ಮಳಖೇಡ, ಸೇಡಂಗಳಲ್ಲಿಯೂ ಮುಂದೆ ಕಾರ್ಖಾನೆಗಳು ಬಂದವು. ಶುದ್ಧವಾದ ಸುಣ್ಣಕಲ್ಲು ನೂರು ಕಿಲೋ ಸುಟ್ಟರೆ ೫೬ ಕಿಲೋ ಸುಣ್ಣ ಉಳಿದು, ೪೪ ಕಿಲೋ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಹಳೆಯ ಕಡಲು ಗಾಳಿಯಿಂದ ಪಡೆದು ಕಲ್ಲಿನಲ್ಲಿ ಬಚ್ಚಿಟ್ಟಿದ್ದ ಅನಿಲವನ್ನು ನಾವು ಈಗ ಮರಳಿ ಬಿಡುತ್ತಿದ್ದೇವೆ. ಗೂಡಿಗೆ ಬೇಕಾದ ಕಲ್ಲಿದ್ದಲಿನ ಹೊಗೆ ಇದಕ್ಕೆ ಹೆಚ್ಚುವರಿ.

ಕಲ್ಲಿನ ಮೇಲೆ ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಗೆ ಸೈಕಲ್ ಇಳಿಸಿದವರು ಹತ್ತು ಮಾರು ಹೋಗುವಷ್ಟರಲ್ಲಿ ಅದನ್ನು ಹೆಗಲ ಮೇಲೆ ಹೊರಬೇಕಾಗುತ್ತದೆ. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ಅತಿ ತೆಳುವಾದ ಹಾಳೆಗಳ ಕಟ್ಟಿನಂತಿವೆ. ನೀರು ಆ ಹಾಳೆಗಳ ನಡುವೆಯೇ ಹೊಕ್ಕು ಅವನ್ನು ದೂರ ಸರಿಸುತ್ತದೆ. ಮಣ್ಣು ಉಬ್ಬಿ ಅಂಟಾಗುತ್ತದೆ. ಬೇಸಿಗೆಯಲ್ಲಿ ನೀರು ಹೊರಟುಹೋದಾಗ ಮಣ್ಣು ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ರಸ್ತೆ ಅಲೆಯಲೆಯಾಗುವುದಕ್ಕೆ ಕಾರಣವೂ ಇದೇ. ಡಾಂಬರಿನ ಕೆಳಗಿನ ಎರೆ ಪ್ರತಿ ವರ್ಷ ಉಬ್ಬಿ ತಗ್ಗುತ್ತದೆ. ಆದರೆ ಎಲ್ಲ ಕಡೆಯೂ ಒಂದೇ ಸಮನಾಗಿ ಅಲ್ಲ. ಅಂಚಿನ ಮಣ್ಣು ನಡುವಿನದಕ್ಕಿಂತ ಬೇಗ ನೆನೆದು ಬೇಗ ಒಣಗುವುದರಿಂದ ಬಿರುಕುಗಳು ಮೊದಲು ಅಂಚಿನಲ್ಲಿಯೇ ತೋರುತ್ತವೆ. ಲಾರಿಗೆ ದಾರಿ ಬಿಟ್ಟು ಸೈಕಲ್ ಸವಾರನು ಸರಿಯಬೇಕಾದ ಜಾಗವೂ ಅದೇ ಅಂಚು ಎಂಬುದನ್ನು ರಸ್ತೆ ಕಟ್ಟುವವರು ಮರೆಯಬಾರದು. ಎರೆಗೆ ಸುಣ್ಣ ಬೆರೆಸಿ ಗಟ್ಟಿಗೊಳಿಸುವ ಉಪಾಯ ಇಂಜಿನಿಯರುಗಳಿಗೆ ಗೊತ್ತೇ ಇದೆ; ಸುಣ್ಣಕ್ಕೆ ಬೇಕಾದ ಕಲ್ಲಿಗಂತೂ ಈ ಸೀಮೆಯಲ್ಲಿ ಬರವಿಲ್ಲ.

ಸೇಡಂನಿಂದ ಉತ್ತರಕ್ಕೆ, ಚಿಂಚೋಳಿಯ ಕಡೆಗೆ ತಿರುಗಿದರೆ ಗಾಲಿಯ ಕೆಳಗಿನ ಚರಿತ್ರೆ ಬದಲಾಗುತ್ತದೆ. ಸುಣ್ಣಕಲ್ಲು ಹಿಂದೆ ಉಳಿದು, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಹರಿದು ಹೆಪ್ಪುಗಟ್ಟಿದ ಲಾವಾರಸದ ಕಪ್ಪುಶಿಲೆ ಎದುರಾಗುತ್ತದೆ. ದಿಣ್ಣೆಗಳ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆ. ಮಳೆ ಬಿಸಿಲುಗಳ ದೀರ್ಘಕಾಲದ ಆಟದಲ್ಲಿ ಕಪ್ಪುಶಿಲೆಯ ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮುಗಳ ಆಕ್ಸೈಡುಗಳು ಉಳಿದು ಗಟ್ಟಿಯಾದದ್ದೇ ಜಂಬಿಟ್ಟಿಗೆ. ಅದರ ಕೆಂಪು ಕಬ್ಬಿಣದ ತುಕ್ಕಿನ ಕೆಂಪು. ಈ ಬಯಲು ಸೀಮೆಗೆ ಅಪರೂಪವಾದ ಕಾಡು ಇಲ್ಲಿದೆ. ೨೦೧೧ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಸಾರಲಾಯಿತು. ಏರು ಹತ್ತಿ ಬೆವರಿದ ಸವಾರನು ಕಾಡಿನ ಅಂಚನ್ನು ಹೊಕ್ಕೊಡನೆ ತಂಪನ್ನು ಕಾಣುತ್ತಾನೆ. ನೆರಳು ಅದಕ್ಕೆ ಅರ್ಧ ಕಾರಣ. ಎಲೆಗಳಿಂದ ಹೊರಬೀಳುವ ನೀರಾವಿ ಸುತ್ತಲಿನ ಶಾಖವನ್ನು ಹೀರುವುದು ಇನ್ನರ್ಧ.

ಒಂದು ರೊಟ್ಟಿಯ ದೂರ

ಎಂಜಿನ್ನಿಗೆ ಎಣ್ಣೆಯಿದ್ದಂತೆ ಸವಾರನಿಗೆ ರೊಟ್ಟಿ. ಐವತ್ತು ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು ೧೭೦ ಕಿಲೋಕ್ಯಾಲರಿ ಶಕ್ತಿಯಿದೆ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಕೆಲಸವನ್ನಾಗಿ ಮಾಡಬಲ್ಲವು. ಈ ಲೆಕ್ಕದಲ್ಲಿ, ದೇಹ ತನ್ನ ಪಾಡಿಗೆ ವ್ಯಯಿಸುವುದನ್ನೂ ಸೇರಿಸಿ, ನಿಶ್ಚಲ ಗಾಳಿಯಲ್ಲಿ ಒಂದು ಕಿಲೋಮೀಟರಿಗೆ ೧೭ ಕಿಲೋಕ್ಯಾಲರಿ ಬೇಕು. ಹೀಗೆ ಒಂದು ರೊಟ್ಟಿಯಲ್ಲಿ ಹತ್ತು ಕಿಲೋಮೀಟರು ಹೋಗಬಹುದು. ಹೆಚ್ಚುಕಡಿಮೆ ಶಹಾಬಾದಿನಿಂದ ವಾಡಿಗೆ. ಮುಂಗಾರಿನ ಎದುರುಗಾಳಿಯಲ್ಲಿ ಅದೇ ದೂರಕ್ಕೆ ಎರಡು ರೊಟ್ಟಿ ಬೇಕು. ನಡೆದು ಹೋದರೆ ಒಂದು ರೊಟ್ಟಿ ಮೂರೂವರೆ ಕಿಲೋಮೀಟರಿಗೇ ಮುಗಿಯುತ್ತದೆ.

ಒಂದು ಲೀಟರು ಪೆಟ್ರೋಲಿನಲ್ಲಿರುವ ಶಕ್ತಿಯಷ್ಟನ್ನು ಆಹಾರರೂಪದಲ್ಲಿ ಪಡೆದರೆ ಸೈಕಲ್ ಸವಾರನು ೪೫೦ ಕಿಲೋಮೀಟರು ಸಾಗಬಲ್ಲನು. ನಿಶ್ಚಿತ ಭಾರವನ್ನು ನಿಶ್ಚಿತ ದೂರಕ್ಕೆ ಒಯ್ಯುವಲ್ಲಿ ಬೈಸಿಕಲ್ಲಿನ ಮೇಲಿನ ಮನುಷ್ಯನು ಪ್ರಾಣಿಗಳನ್ನೂ ಯಂತ್ರಗಳನ್ನೂ ಮೀರಿಸುತ್ತಾನೆಂದು ಎಸ್. ಎಸ್. ವಿಲ್ಸನ್ ೧೯೭೩ರಲ್ಲಿ ತೋರಿಸಿಕೊಟ್ಟನು. ರೊಟ್ಟಿಯೊಡನೆ ಈ ನೆಲದ ತೊಗರಿಬೇಳೆಯೂ ಇದ್ದರೆ ಸ್ನಾಯುಗಳಿಗೆ ಬೇಕಾದ ಪ್ರೋಟೀನು ದೊರೆಯುತ್ತದೆ. ಕಲಬುರಗಿಯ ತೊಗರಿಗೆ ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ.

ಕಾಣದ ಬೆವರು

ಸ್ನಾಯುಗಳು ಕಾಲು ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತವೆಂದೆವಷ್ಟೆ. ಉಳಿದ ಮುಕ್ಕಾಲು ಪಾಲು ಏನಾಯಿತು? ಅದೆಲ್ಲ ಶಾಖ. ಎದುರುಗಾಳಿಯಲ್ಲಿ ೧೨೫ ವಾಟಿನ ಕೆಲಸ ಮಾಡುವ ಸವಾರನ ಮೈಯಲ್ಲಿ ಅದರ ಮೂರರಷ್ಟು, ಸುಮಾರು ೩೭೫ ವಾಟು ಶಾಖ ಹುಟ್ಟುತ್ತದೆ. ಡಿಸೆಂಬರಿನಲ್ಲಿ ಇದು ಹಿತ. ಮೇ ತಿಂಗಳಿನಲ್ಲಿ ಅಪಾಯ.

ಚರ್ಮದ ಉಷ್ಣತೆ ಸುಮಾರು ೩೫ ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಶಾಖ ಗಾಳಿಗೆ ಹರಿಯುತ್ತದೆ. ಈ ಸೀಮೆಯ ಬೇಸಿಗೆಯಲ್ಲಿ ಗಾಳಿಯ ಉಷ್ಣತೆ ೪೦ ಡಿಗ್ರಿ ದಾಟುವುದು ಸಾಮಾನ್ಯ. ಆಗ ಶಾಖದ ಹರಿವು ತಿರುಗಿ, ಗಾಳಿಯೇ ಮೈಯನ್ನು ಕಾಯಿಸುತ್ತದೆ. ಉಳಿಯುವ ದಾರಿ ಒಂದೇ: ಬೆವರು ಆವಿಯಾಗುವುದು. ಒಂದು ಲೀಟರು ಬೆವರು ಆವಿಯಾದರೆ ಸುಮಾರು ೫೮೦ ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಮೇಲೆ ಹೇಳಿದ ಸವಾರನು ಸ್ವಂತ ಶಾಖವನ್ನು ಕಳೆಯುವುದಕ್ಕೇ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಬೆವರಬೇಕು. ನೆತ್ತಿಯ ಬಿಸಿಲು, ಡಾಂಬರಿನ ಝಳಗಳನ್ನು ಸೇರಿಸಿದರೆ ಅದು ಒಂದು ಲೀಟರಿನ ಸಮೀಪಕ್ಕೆ ಹೋಗುತ್ತದೆ.

ಇಲ್ಲಿಯೇ ಮೈ ನಮ್ಮನ್ನು ವಂಚಿಸುತ್ತದೆ. ಒಣಗಾಳಿಯಲ್ಲಿ ಬೆವರು ಹುಟ್ಟಿದ ಕ್ಷಣವೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ಬೆವರಲಿಲ್ಲ, ನೀರು ಬೇಡ ಎಂದು ಸವಾರನು ಭಾವಿಸುತ್ತಾನೆ. ನಿಜವಾಗಿ ಆತನು ಲೀಟರುಗಟ್ಟಲೆ ನೀರನ್ನು ಕಳೆದುಕೊಂಡಿರಬಹುದು. ಅಂಗಿಯ ಮೇಲಿನ ಬಿಳಿಯ ಉಪ್ಪಿನ ಗೆರೆಗಳೇ ಇದಕ್ಕೆ ಸಾಕ್ಷಿ. ೬೫ ಕಿಲೋ ತೂಕದವನು ಒಂದು ಕಿಲೋ ೩೦೦ ಗ್ರಾಮಿನಷ್ಟು ನೀರನ್ನು ಕಳೆದುಕೊಂಡರೆ ಆತನ ದುಡಿಯುವ ಶಕ್ತಿ ಕುಂದತೊಡಗುತ್ತದೆ. ಬಾಯಾರಿಕೆಯಾದರೋ ತಡವಾಗಿ ಎಚ್ಚರಿಸುವ ಕಾವಲುಗಾರ.

ಇನ್ನೊಂದು ವಿಪರೀತವಿದೆ. ಹಿಂದಿನಿಂದ ಗಾಳಿ ಬೀಸುವಾಗ ದಾರಿ ಹಗುರವೆಂದು ಹೇಳಿದೆವು. ಗಾಳಿಯ ವೇಗವೂ ಸವಾರನ ವೇಗವೂ ಒಂದೇ ಆದರೆ ಆತನ ಮೈಯ ಸುತ್ತ ಗಾಳಿ ನಿಂತಂತೆಯೇ ಸರಿ. ಬೆವರಿನ ಆವಿ ಅಲ್ಲಿಯೇ ನಿಲ್ಲುತ್ತದೆ. ಮುಂದಿನ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಏನನ್ನೂ ತಂಪು ಮಾಡುವುದಿಲ್ಲ. ಇಂಥ ದಿನ ಹುರುಪಿನಿಂದ ವೇಗವಾಗಿ ತುಳಿಯತೊಡಗಿದರೆ ಮೈ ಬೇಗನೆ ಕಾಯುತ್ತದೆ.

ಕಲಬುರಗಿ ವಿಭಾಗದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ ೮ರಿಂದ ಮಧ್ಯಾಹ್ನ ೧-೩೦ರವರೆಗೆ ಬದಲಿಸುವ ಪದ್ಧತಿಯಿದೆ. ಗಣಿಯಲ್ಲಿ ಕಲ್ಲು ಸೀಳುವವರಿಗೂ, ಪಾಳಿ ಮುಗಿಸಿ ನಡುಮಧ್ಯಾಹ್ನ ಊರಿಗೆ ತುಳಿಯುವವರಿಗೂ ಈ ಸೌಲಭ್ಯ ಎಲ್ಲ ಕಡೆ ದೊರೆಯುವಂಥದಲ್ಲ. ಅಂಥವರು ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಹೊರಡುವ ಮುನ್ನವೇ ನೀರು ಕುಡಿಯಬೇಕು. ದಾರಿಯಲ್ಲಿ ಬಾಯಾರುವುದನ್ನು ಕಾಯದೆ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು. ಉಪ್ಪು ಹಾಕಿದ ಮಜ್ಜಿಗೆ ನೀರನ್ನೂ ಉಪ್ಪನ್ನೂ ಒಟ್ಟಿಗೆ ತುಂಬಿಕೊಡುತ್ತದೆ. ತಲೆಗೆ ತಿಳಿಬಣ್ಣದ ರುಮಾಲು ಇರಲಿ; ಅದನ್ನು ನೆನೆಸಿಕೊಂಡರೆ ಮತ್ತೂ ಮೇಲು, ಏಕೆಂದರೆ ಬೆವರಿನ ಕೆಲಸವನ್ನು ಬಾವಿಯ ನೀರೇ ಮಾಡುತ್ತದೆ. ತಲೆಸುತ್ತು, ಓಕರಿಕೆ ತೋರಿದರೆ ಊರು ಹತ್ತಿರವೆಂದು ತುಳಿಯುತ್ತ ಹೋಗದೆ ನೆರಳಿನಲ್ಲಿ ಇಳಿಯಬೇಕು. ಜೊತೆಯ ಸವಾರನ ಮಾತು ತೊದಲಿದರೆ, ನಡೆ ತಪ್ಪಿದರೆ, ಅದು ಬಿಸಿಲಿನ ಆಘಾತವಿರಬಹುದು. ಆತನನ್ನು ನೆರಳಿನಲ್ಲಿ ಮಲಗಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ೧೦೫೮ರ ಶಾಸನವೊಂದಿದೆ. ಅಲ್ಲಿದ್ದ ಘಟಿಕಾಸ್ಥಾನವೆಂಬ ವಿದ್ಯಾಲಯವನ್ನೂ, ಅದರ ಗ್ರಂಥಗಳನ್ನು ಕಾಯುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗಳನ್ನೂ ಅದು ಹೇಳುತ್ತದೆ. ಓದಿ ತಿಳಿಯುವ ಅಭ್ಯಾಸ ಈ ನೆಲಕ್ಕೆ ಹೊಸದಲ್ಲ. ತುಳಿದು ತಿಳಿಯುವುದೂ ಓದಿನ ಒಂದು ಬಗೆಯೇ. ಗಾಲಿಯ ಸುತ್ತನ್ನು ಎಣಿಸಿದರೆ ದೂರ ತಿಳಿಯುತ್ತದೆ. ತೊಡೆಯ ನೋವು ಗಾಳಿಯ ದಿಕ್ಕನ್ನು ಹೇಳುತ್ತದೆ. ಅಂಗಿಯ ಉಪ್ಪು ದೇಹದ ನೀರಿನ ಲೆಕ್ಕವನ್ನು ಬರೆದಿಡುತ್ತದೆ. ಈ ಅಳತೆಗಳಿಗೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಆದರೆ ಕೊನೆಯ ಅಳತೆಯನ್ನು ಪ್ರತಿಯೊಬ್ಬ ಸವಾರನೂ ಬೇಸಿಗೆ ಬರುವ ಮುನ್ನವೇ ಕಲಿತಿರುವುದು ಮೇಲು.